ಸೋಂಕು ದಾಟಿಸಿದ್ದು ಕೊಲೆಯಾಗುವುದು ಯಾವಾಗ?

ಮಾನ್ಯ ಸಂಪಾದಕರೇ,

ಜ್ವರವಿದ್ದರೂ ಮುಚ್ಚಿಟ್ಟುಕೊಂಡು ಮದುವೆ, ಕೋಲ, ಜಾತ್ರೆಯೆಂದು ತಿರುಗಾಡಿ ಊರಿಗೆಲ್ಲ ರೋಗ ಹಂಚುವವರ ಮೇಲೆ ಕೊಲೆ ಮೊಕದ್ದಮೆಯನ್ನೇ ಹೂಡಬೇಕೆಂಬ ಮಾತು ಓದುಗರ ಅಂಕಣದಲ್ಲೂ ಊರಿನ ಸಭೆಗಳಲ್ಲೂ ಆಗಾಗ ಕೇಳಿಬರುತ್ತದೆ. ಮನೆಯವರನ್ನು ಕಳೆದುಕೊಂಡವರು ಹೀಗೆ ಹೇಳಿದರೆ ಅವರ ಸಂಕಟ ಅರ್ಥವಾಗುತ್ತದೆ. ಆದರೆ ಜವಾಬ್ದಾರಿಯುತ ಸ್ಥಾನದಲ್ಲಿರುವವರೂ ಅದನ್ನೇ ಹೇಳತೊಡಗಿದಾಗ, ನಮ್ಮ ಕಾನೂನು ಸೋಂಕು ಹರಡುವುದನ್ನೂ ನರಹತ್ಯೆಯನ್ನೂ ಏಕೆ ಬೇರೆಬೇರೆ ಅಧ್ಯಾಯಗಳಲ್ಲಿ ಇಟ್ಟಿದೆ ಎಂಬುದನ್ನು ಸ್ವಲ್ಪ ವಿವರವಾಗಿ ನೋಡಬೇಕಾಗುತ್ತದೆ. ಹಾಗೆ ಇಟ್ಟಿರುವುದು ಸರಿ ಎಂಬುದು ನನ್ನ ಅಭಿಪ್ರಾಯ. ಸೋಂಕಿನ ಬಗ್ಗೆ ಇರುವ ಸಣ್ಣ ಸೆಕ್ಷನ್ನನ್ನು ನಾವು ಬಳಸಬೇಕಾದವರ ಮೇಲೆ ಬಳಸದೆ, ಬಳಸಬಾರದವರ ಮೇಲೆ ಎಸೆಯುತ್ತಿದ್ದೇವೆ ಎಂಬುದು ನನ್ನ ದೂರು.

1860ರ ಭಾರತ ದಂಡ ಸಂಹಿತೆಯ 269 ಮತ್ತು 270ನೇ ಸೆಕ್ಷನ್‌ಗಳೇ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 271 ಮತ್ತು 272 ಎಂಬ ಸಂಖ್ಯೆ ಹೊತ್ತು ಮುಂದುವರಿದಿವೆ. ಪ್ರಾಣಾಪಾಯಕಾರಿ ರೋಗದ ಸೋಂಕು ಹರಡುವ ಸಂಭವವಿದೆಯೆಂದು ತಿಳಿದಿದ್ದರೂ, ಅಥವಾ ಹಾಗೆ ನಂಬಲು ಕಾರಣವಿದ್ದರೂ, ಕಾನೂನುಬಾಹಿರವಾಗಿ ಇಲ್ಲವೇ ನಿರ್ಲಕ್ಷ್ಯದಿಂದ ಕೃತ್ಯ ಎಸಗುವವನಿಗೆ ಮೊದಲನೆಯದರ ಪ್ರಕಾರ ಆರು ತಿಂಗಳವರೆಗೆ ಸೆರೆವಾಸ ಅಥವಾ ದಂಡ ಅಥವಾ ಎರಡೂ. ದುರುದ್ದೇಶದಿಂದ ಎಸಗಿದರೆ ಎರಡನೆಯದರ ಪ್ರಕಾರ ಎರಡು ವರ್ಷಗಳವರೆಗೆ. ಇವು ಇರುವುದು ಸಾರ್ವಜನಿಕ ಆರೋಗ್ಯ ಮತ್ತು ಸುರಕ್ಷತೆಗೆ ಧಕ್ಕೆ ತರುವ ಅಪರಾಧಗಳ ಅಧ್ಯಾಯದಲ್ಲಿ, ಕಲಬೆರಕೆ ಆಹಾರ ಮಾರುವವನ, ಊರಿನ ಕುಡಿಯುವ ನೀರು ಕೆಡಿಸುವವನ ನೆರೆಯಲ್ಲಿ. ಈ ಸೆಕ್ಷನ್‌ಗಳು ಯಾರಾದರೂ ಸತ್ತರೇ ಎಂದು ಕೇಳುವುದಿಲ್ಲ. ಯಾರಿಗಾದರೂ ರೋಗ ತಗುಲಿತೇ ಎಂದೂ ಕೇಳುವುದಿಲ್ಲ. ಅಪಾಯವನ್ನು ಸೃಷ್ಟಿಸಿದ್ದೇ ಅಪರಾಧ.

1883ರಲ್ಲಿ, ದಕ್ಷಿಣ ಕನ್ನಡವೂ ಮದ್ರಾಸ್ ಪ್ರಾಂತದ ಭಾಗವಾಗಿದ್ದ ಕಾಲದಲ್ಲಿ, ಮದ್ರಾಸ್ ಹೈಕೋರ್ಟಿನ ಮುಂದೆ ಬಂದ ಕೃಷ್ಣಪ್ಪ ಪ್ರಕರಣ ಇದಕ್ಕೆ ಒಳ್ಳೆಯ ನಿದರ್ಶನ. ಕಾಲರಾ ತಗುಲಿದೆಯೆಂದು ಗೊತ್ತಿದ್ದೂ ರೈಲ್ವೆಯವರಿಗೆ ತಿಳಿಸದೆ ರೈಲಿನಲ್ಲಿ ಪ್ರಯಾಣ ಮಾಡಿದವನು 269ನೇ ಸೆಕ್ಷನ್ ಪ್ರಕಾರ ತಪ್ಪಿತಸ್ಥನಾದ. ವಿಷಯ ತಿಳಿದೂ ಅವನಿಗೆ ಟಿಕೆಟ್ ಕೊಂಡು ಜೊತೆಗೆ ಹೋದವನು ಕುಮ್ಮಕ್ಕು ನೀಡಿದವನಾದ. ಆ ಡಬ್ಬಿಯಲ್ಲಿದ್ದವರಲ್ಲಿ ಯಾರಿಗೆ ವಾಂತಿಭೇದಿ ಹತ್ತಿತು, ಯಾರು ಬದುಕಿದರು ಎಂಬ ಲೆಕ್ಕ ಶಿಕ್ಷೆಗೆ ಬೇಕಾಗಲಿಲ್ಲ.

ನರಹತ್ಯೆಯ ಸೆಕ್ಷನ್‌ಗಳ ರೀತಿಯೇ ಬೇರೆ. ಅಲ್ಲಿ ಸಾವು ಆಗಿರಬೇಕು, ಆ ಸಾವಿಗೆ ಆರೋಪಿಯ ಕೃತ್ಯವೇ ಕಾರಣವೆಂದು ಸಂಶಯಾತೀತವಾಗಿ ತೋರಿಸಬೇಕು, ಮತ್ತು ಅವನ ಮನಸ್ಸಿನಲ್ಲಿ ಉದ್ದೇಶವೋ ಅರಿವೋ ಕನಿಷ್ಠ ಪಕ್ಷ ಶಿಕ್ಷಾರ್ಹ ಮಟ್ಟದ ನಿರ್ಲಕ್ಷ್ಯವೋ ಇತ್ತೆಂದು ಸಾಬೀತು ಮಾಡಬೇಕು. ನಿರ್ಲಕ್ಷ್ಯದಿಂದಾದ ಸಾವಿನ ವಿಷಯದಲ್ಲೂ ಸುಪ್ರೀಂ ಕೋರ್ಟ್ 1960ರ ದಶಕದಲ್ಲೇ, ಮುಂಬೈಯ ಬಣ್ಣದ ಕಾರ್ಖಾನೆಯೊಂದರ ಬೆಂಕಿ ಅನಾಹುತದ ಪ್ರಕರಣದಲ್ಲಿ, ಆರೋಪಿಯ ಕೃತ್ಯ ಸಾವಿಗೆ ನೇರವಾದ, ನಿಕಟವಾದ ಕಾರಣವಾಗಿರಬೇಕೇ ಹೊರತು ಅದಿಲ್ಲದಿದ್ದರೆ ಸಾವು ಆಗುತ್ತಿರಲಿಲ್ಲ ಎನ್ನುವಷ್ಟೇ ಸಾಲದು ಎಂದು ಹೇಳಿತು. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಅಡ್ಡಾದಿಡ್ಡಿ ಓಡಿಸಿ ಪಾದಚಾರಿಯನ್ನು ಕೊಂದ ಚಾಲಕನ ವಿಷಯದಲ್ಲಿ ಈ ಕೊಂಡಿ ಕಣ್ಣಿಗೆ ಕಾಣುತ್ತದೆ. ಸೋಂಕಿನಲ್ಲಿ ಕಾಣುವುದಿಲ್ಲ. ಒಬ್ಬರಿಂದ ಇನ್ನೊಬ್ಬರಿಗೆ ದಾಟಿದ ಮೇಲೆ ಕೋವಿಡ್‌ನ ಲಕ್ಷಣ ತೋರಲು 2ರಿಂದ 14 ದಿನ ಬೇಕು, ಕ್ಷಯಕ್ಕೆ ತಿಂಗಳುಗಳು ಅಥವಾ ವರ್ಷಗಳು, ಚಿಕಿತ್ಸೆಯಿಲ್ಲದ ಎಚ್‌ಐವಿ ಏಡ್ಸ್ ಆಗಲು ಸಾಮಾನ್ಯವಾಗಿ ಎಷ್ಟೋ ವರ್ಷಗಳು. ಅಷ್ಟರಲ್ಲಿ ಸೋಂಕಿತ ವ್ಯಕ್ತಿ ಬಸ್ಸು, ಮಾರುಕಟ್ಟೆ, ಆಸ್ಪತ್ರೆಯ ಸರದಿ ಸಾಲು ಎಲ್ಲೆಲ್ಲಿ ನಿಂತಿದ್ದನೋ, ಅಲ್ಲೆಲ್ಲ ಇನ್ನೆಷ್ಟು ಮಂದಿ ರೋಗವಾಹಕರಿದ್ದರೋ ಯಾರು ಹೇಳಬಲ್ಲರು?

ಹಾಗೆಂದು ಸೋಂಕಿನಿಂದಾದ ಸಾವು ಎಂದೂ ನರಹತ್ಯೆಯಾಗಲಾರದು ಎಂದು ನಾನು ವಾದಿಸುತ್ತಿಲ್ಲ. ಸತ್ತವರಿಗೆ ಸಕ್ಕರೆ ಕಾಯಿಲೆ ಇತ್ತು, ಹೃದಯ ದುರ್ಬಲವಿತ್ತು ಎಂಬ ಸಮಜಾಯಿಷಿಯನ್ನು ನಮ್ಮ ಕಾನೂನು ಮೊದಲೇ ತಳ್ಳಿಹಾಕಿದೆ: ಮೊದಲೇ ಕಾಯಿಲೆಯಿಂದ ನರಳುತ್ತಿರುವವನಿಗೆ ಗಾಯವುಂಟುಮಾಡಿ ಅವನ ಸಾವನ್ನು ತ್ವರಿತಗೊಳಿಸಿದವನು ಆ ಸಾವಿಗೆ ಕಾರಣನೆಂದೇ ಪರಿಗಣಿತನಾಗುತ್ತಾನೆ ಎಂಬ ವಿವರಣೆ ನ್ಯಾಯ ಸಂಹಿತೆಯ 100ನೇ ಸೆಕ್ಷನ್‌ನಲ್ಲಿಯೇ ಇದೆ. ಅಲ್ಲದೆ, ಗಾಯದ ವ್ಯಾಖ್ಯೆಯಲ್ಲಿ ದೈಹಿಕ ನೋವು ಮತ್ತು ದೌರ್ಬಲ್ಯದ ಜೊತೆಗೆ ರೋಗವನ್ನು ಉಂಟುಮಾಡುವುದೂ ಸೇರಿದೆ. ಅದು ಪ್ರಾಣಕ್ಕೆ ಅಪಾಯ ತರುವಂತಿದ್ದರೆ ತೀವ್ರ ಗಾಯವಾಗುತ್ತದೆ, ಬೇಕೆಂದೇ ಮಾಡಿದ್ದರೆ ಏಳು ವರ್ಷಗಳವರೆಗೆ ಶಿಕ್ಷೆಯಿದೆ. ಯಾರಿಂದ ಯಾರಿಗೆ ದಾಟಿತೆಂದು ಸ್ಪಷ್ಟವಾಗಿ ತಿಳಿಯುವ ಅಪರೂಪದ ಪ್ರಕರಣಗಳಿಗೆ ಈ ನಡುದಾರಿ ಸಾಕು. ಇಂಗ್ಲೆಂಡಿನ ನ್ಯಾಯಾಲಯಗಳು ತಲುಪಿರುವುದೂ ಇಲ್ಲಿಗೇ: 1888ರಲ್ಲಿ ಹೆಂಡತಿಗೆ ಲೈಂಗಿಕ ರೋಗ ದಾಟಿಸಿದ ಗಂಡನನ್ನು ಬಿಟ್ಟುಬಿಟ್ಟ ಅಲ್ಲಿನ ಕಾನೂನು, 2004ರಲ್ಲಿ ಎಚ್‌ಐವಿ ಇರುವುದು ತಿಳಿದಿದ್ದೂ ಹೇಳದೆ ದಾಟಿಸಿದವನ ಕೃತ್ಯವನ್ನು ತೀವ್ರ ದೈಹಿಕ ಹಾನಿಯೆಂದು ಪರಿಗಣಿಸಬಹುದೆಂದಿತು, ನರಹತ್ಯೆಯ ಕಡೆಗೆ ಹೋಗಲಿಲ್ಲ. ಕೆನಡಾ ಹೋಗಿದೆ. ಎಚ್‌ಐವಿ ಇರುವುದನ್ನು ಮುಚ್ಚಿಟ್ಟ ವ್ಯಕ್ತಿಯೊಬ್ಬನ ಸಂಗಾತಿಗಳಲ್ಲಿ ಇಬ್ಬರು ತೀರಿಕೊಂಡ ಪ್ರಕರಣದಲ್ಲಿ 2009ರಲ್ಲಿ ಒಂಟಾರಿಯೋದ ನ್ಯಾಯಾಲಯ ಅವನನ್ನು ಮೊದಲ ದರ್ಜೆಯ ಕೊಲೆಯ ಅಪರಾಧಿಯೆಂದು ಘೋಷಿಸಿತು.

ವಿಜ್ಞಾನ ಈಗ ಈ ಕೊಂಡಿಯನ್ನು ಜೋಡಿಸಬಲ್ಲದಲ್ಲವೇ ಎಂಬ ಪ್ರಶ್ನೆ ಸಹಜ. ಆಸ್ಟ್ರಿಯಾದ ಕ್ಲಾಗನ್‌ಫರ್ಟ್ ನ್ಯಾಯಾಲಯ 2024ರ ಸೆಪ್ಟೆಂಬರ್‌ನಲ್ಲಿ, ಕೋವಿಡ್ ಇದ್ದೂ ಪ್ರತ್ಯೇಕವಾಗಿರದ ಮಹಿಳೆಯೊಬ್ಬರನ್ನು, ಕ್ಯಾನ್ಸರ್ ಪೀಡಿತನಾಗಿದ್ದ ಅವರ ನೆರೆಯವನ ಸಾವಿಗೆ ನಿರ್ಲಕ್ಷ್ಯದಿಂದ ಕಾರಣರಾದವರೆಂದು ತೀರ್ಮಾನಿಸಿತು. ಇಬ್ಬರ ದೇಹದಲ್ಲಿದ್ದ ವೈರಾಣುಗಳ ವಂಶವಾಹಿ ಬಹುತೇಕ ಸಂಪೂರ್ಣ ಹೊಂದಿಕೆಯಾಗಿತ್ತೆಂಬುದೇ ಅಲ್ಲಿ ಮುಖ್ಯ ಸಾಕ್ಷ್ಯ. ಶಿಕ್ಷೆ ನಾಲ್ಕು ತಿಂಗಳು, ಅದೂ ಅಮಾನತಿನಲ್ಲಿ, ಜೊತೆಗೆ 800 ಯೂರೋ ದಂಡ. ಇಷ್ಟೆಲ್ಲ ಸಾಬೀತಾದ ಮೇಲೂ ಅಲ್ಲಿನ ನ್ಯಾಯಾಧೀಶರು ಎಷ್ಟು ತಗ್ಗಿದ ದನಿಯಲ್ಲಿ ಮಾತಾಡಿದರು ನೋಡಿ. ಅಲ್ಲದೆ ಇಂಥ ಹೊಂದಿಕೆಯೊಂದೇ ರೋಗ ಯಾರಿಂದ ಯಾರಿಗೆ ದಾಟಿತೆಂಬ ದಿಕ್ಕನ್ನು ತೋರಿಸುವುದಿಲ್ಲ, ಇಬ್ಬರಿಗೂ ಮೂರನೆಯವರಿಂದ ಬಂದಿರುವ ಸಾಧ್ಯತೆಯನ್ನೂ ತಳ್ಳಿಹಾಕುವುದಿಲ್ಲ.

ಅದೇ ವಿಜ್ಞಾನ ನಿರಪರಾಧಿಗಳ ಪರವಾಗಿ ನಿಂತ ಕತೆ ನನಗೆ ಇದಕ್ಕಿಂತ ಹೆಚ್ಚು ಮುಖ್ಯವಾಗಿ ಕಾಣುತ್ತದೆ. ಲಿಬಿಯಾದ ಬೆಂಗಾಜಿಯ ಮಕ್ಕಳ ಆಸ್ಪತ್ರೆಯಲ್ಲಿ 400ಕ್ಕೂ ಹೆಚ್ಚು ಮಕ್ಕಳಿಗೆ ಎಚ್‌ಐವಿ ತಗುಲಿದಾಗ ಐವರು ಬಲ್ಗೇರಿಯನ್ ದಾದಿಯರನ್ನೂ ಒಬ್ಬ ಪ್ಯಾಲೆಸ್ಟೀನಿ ವೈದ್ಯನನ್ನೂ, ಬೇಕೆಂದೇ ಸೋಂಕು ಚುಚ್ಚಿದರೆಂದು ಆರೋಪಿಸಿ ಮರಣದಂಡನೆಗೆ ಗುರಿಪಡಿಸಲಾಯಿತು. ವೈರಾಣುವಿನ ವಂಶಾವಳಿಯನ್ನು ಪರಿಶೀಲಿಸಿದ ವಿಜ್ಞಾನಿಗಳು, ಆ ತಳಿ ಈ ಸಿಬ್ಬಂದಿ 1998ರ ಮಾರ್ಚ್‌ನಲ್ಲಿ ಅಲ್ಲಿಗೆ ಬರುವ ಮೊದಲೇ ಆಸ್ಪತ್ರೆಯಲ್ಲಿ ಹರಡತೊಡಗಿತ್ತೆಂದು 2006ರಲ್ಲಿ ಪ್ರಕಟಿಸಿದರು. 2007ರ ಜುಲೈವರೆಗೆ ಅವರಿಗೆ ಬಿಡುಗಡೆ ಸಿಗಲಿಲ್ಲ. ಮಕ್ಕಳನ್ನು ಕಳೆದುಕೊಂಡವರ ಆಕ್ರೋಶಕ್ಕೆ ಒಂದು ಮುಖ ಬೇಕಾಗಿತ್ತು. ಆಸ್ಪತ್ರೆಯ ಸೋಂಕು ನಿಯಂತ್ರಣದ ಲೋಪಕ್ಕೆ ಮುಖವಿರಲಿಲ್ಲ, ಪರದೇಶಿ ದಾದಿಯರಿಗೆ ಇತ್ತು.

ನಮ್ಮಲ್ಲಿ ನಡೆದದ್ದು ಇದಕ್ಕಿಂತ ಬಹಳ ಭಿನ್ನವೇನಲ್ಲ. 2020ರ ಏಪ್ರಿಲ್‌ನಲ್ಲಿ ಕೋವಿಡ್ ಹರಡಿಸಿತೆಂಬ ಆರೋಪ ಹೊತ್ತ ದೆಹಲಿಯ ನಿಜಾಮುದ್ದೀನ್ ಧಾರ್ಮಿಕ ಸಮಾವೇಶದ ಮುಖ್ಯಸ್ಥರ ಮೇಲಿನ ಪ್ರಕರಣಕ್ಕೆ ಕೊಲೆಯಲ್ಲದ ದಂಡನೀಯ ನರಹತ್ಯೆಯ ಸೆಕ್ಷನ್ ಸೇರಿತು. ಹಿಮಾಚಲ ಪ್ರದೇಶದಲ್ಲಿ ಪ್ರಯಾಣದ ವಿವರ ಮುಚ್ಚಿಡುವವರ ಮೇಲೆ ಕೊಲೆಯತ್ನದ ಕೇಸು, ಅವರಿಂದ ಸೋಂಕು ತಗುಲಿದವರು ಸತ್ತರೆ ಕೊಲೆ ಕೇಸು ಎಂದು ಪೊಲೀಸ್ ಮುಖ್ಯಸ್ಥರೇ ಘೋಷಿಸಿದರು. ಅದೇ ಆಗಸ್ಟ್‌ನಲ್ಲಿ ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠ, ಸಮಾವೇಶಕ್ಕೆ ಬಂದಿದ್ದ ವಿದೇಶಿಯರ ಮೇಲಿನ ಎಫ್‌ಐಆರ್‌ಗಳನ್ನು ರದ್ದುಪಡಿಸುತ್ತ ಅವರನ್ನು ಬಲಿಪಶು ಮಾಡಲಾಗಿದೆ ಎಂಬ ಅರ್ಥದ ಮಾತು ಬರೆಯಿತು. 2025ರ ಜುಲೈನಲ್ಲಿ ದೆಹಲಿ ಹೈಕೋರ್ಟ್ 70 ಭಾರತೀಯರ ವಿರುದ್ಧದ ಆರೋಪಪಟ್ಟಿಗಳನ್ನೂ ರದ್ದುಮಾಡಿತು. ಅಲ್ಲಿ ಇದ್ದದ್ದು 269, 270ರಂಥ ಸಣ್ಣ ಸೆಕ್ಷನ್‌ಗಳೇ, ಆದರೂ ಅವರಿಗೆ ಸೋಂಕಿತ್ತು ಎನ್ನುವುದಕ್ಕೇ ಸಾಕ್ಷ್ಯವಿರಲಿಲ್ಲ. ಐದು ವರ್ಷ ಕೋರ್ಟು ಅಲೆದವರಿಗೆ ಆ ಕಾಲವನ್ನು ಮರಳಿ ಕೊಡುವವರು ಯಾರು? ಇತ್ತ 2021ರ ಏಪ್ರಿಲ್ 26ರಂದು ಮದ್ರಾಸ್ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಗಳು ಚುನಾವಣಾ ರ‍್ಯಾಲಿಗಳನ್ನು ತಡೆಯದ ಆಯೋಗದ ಅಧಿಕಾರಿಗಳ ಮೇಲೆ ಕೊಲೆ ಆರೋಪ ಹೊರಿಸಬೇಕಾದೀತು ಎಂದದ್ದು ಬರೀ ಮೌಖಿಕ ಮಾತಾಗಿಯೇ ಉಳಿಯಿತು. ಸುಪ್ರೀಂ ಕೋರ್ಟ್ ಅದನ್ನು ಕಟುವಾದ ಮಾತೆಂದಿತು. ಪ್ರಾರ್ಥನೆಗೆ ಸೇರಿದವರ ಮೇಲೆ ಎಫ್‌ಐಆರ್, ರ‍್ಯಾಲಿಗೆ ಸೇರಿಸಿದವರ ಮೇಲೆ ಬರೀ ಗದರಿಕೆ. ನರಹತ್ಯೆಯ ಸೆಕ್ಷನ್ನನ್ನು ರೋಗದ ಕಾಲದಲ್ಲಿ ಸಡಿಲ ಬಿಟ್ಟರೆ ಅದು ಯಾರ ಕಡೆಗೆ ಉರುಳುತ್ತದೆ ಎಂಬುದಕ್ಕೆ ಇಷ್ಟು ಸಾಕು.

ನಮ್ಮ ಬಾಗಿಲಲ್ಲೇ, ಕೇರಳದ ಗಡಿಯ ತಲಪಾಡಿಯಲ್ಲಿ ನಡೆದ ವಿಷಯವನ್ನು ಬಿಟ್ಟು ಈ ಚರ್ಚೆ ನಡೆಸುವುದು ಪ್ರಾಮಾಣಿಕವಾಗದು. ಮಂಜೇಶ್ವರ, ಕುಂಬಳೆ, ಕಾಸರಗೋಡಿನ ಜನಕ್ಕೆ ದೊಡ್ಡ ಕಾಯಿಲೆಗೆ ಆಸ್ಪತ್ರೆಯೆಂದರೆ ಅಂದೂ ಇಂದೂ ಮಂಗಳೂರೇ. 2020ರ ಮಾರ್ಚ್ ಕೊನೆಯಲ್ಲಿ ಕರ್ನಾಟಕ ಗಡಿ ಮುಚ್ಚಿ, ಒಳರಸ್ತೆಗಳಿಗೆ ಮಣ್ಣು ಸುರಿದು, ಆಂಬುಲೆನ್ಸ್‌ಗಳನ್ನೂ ತಡೆದಾಗ, ಕೋವಿಡ್ ಇಲ್ಲದ ಹಲವು ರೋಗಿಗಳು ಚಿಕಿತ್ಸೆ ಸಿಗದೆ ಗಡಿಯ ಆಚೆಯೇ ತೀರಿಕೊಂಡರು. ಏಪ್ರಿಲ್ 1ರಂದು ಕೇರಳ ಹೈಕೋರ್ಟ್ ತಡೆ ತೆರವುಗೊಳಿಸುವಂತೆ ಕೇಂದ್ರಕ್ಕೆ ಸೂಚಿಸಿತು. ವಿಷಯ ಸುಪ್ರೀಂ ಕೋರ್ಟಿಗೆ ಹೋಗಿ, ಏಪ್ರಿಲ್ 7ರ ಹೊತ್ತಿಗೆ ರೋಗಿಗಳನ್ನು ಬಿಡಲು ಎರಡೂ ಕಡೆ ಒಪ್ಪಂದಕ್ಕೆ ಬಂದವು. ಸಾವು ಮತ್ತು ಅದರ ಕಾರಣದ ನಡುವಿನ ದೂರವನ್ನಷ್ಟೇ ಅಳೆಯುವುದಾದರೆ, ಆಂಬುಲೆನ್ಸ್ ಹಿಂದಕ್ಕೆ ಕಳಿಸಿದ ಗೇಟಿಗೂ ಒಳಗಿದ್ದ ರೋಗಿಯ ಸಾವಿಗೂ ಇದ್ದ ದೂರ, ಯಾವುದೋ ಬಸ್ಸಿನಲ್ಲಿ ಕೆಮ್ಮಿದವನಿಗೂ ಮೂರು ವಾರದ ಮೇಲೆ ಸತ್ತವನಿಗೂ ಇರುವ ದೂರಕ್ಕಿಂತ ಬಹಳ ಕಡಿಮೆ. ಆ ಗಡಿ ಮುಚ್ಚಿದ್ದಕ್ಕೆ ನರಹತ್ಯೆಯ ಕೇಸು ಹಾಕಬೇಕಿತ್ತೆಂದು ನಾನು ಹೇಳುವುದಿಲ್ಲ. ಭಯದಲ್ಲಿ ಕೈಗೊಂಡ ಆಡಳಿತಾತ್ಮಕ ತೀರ್ಮಾನವನ್ನು ಅಳೆಯಲು ಬೇರೆ ದಾರಿಗಳಿವೆ. ಆದರೆ ಅಂದು ಗಡಿ ಮುಚ್ಚಿದ್ದನ್ನು ಮೆಚ್ಚಿಕೊಂಡವರೇ ಇಂದು ಕೆಮ್ಮಿದವನನ್ನು ಕೊಲೆಗಾರ ಎನ್ನುವಾಗ ಅಳತೆಗೋಲು ಎರಡಾಯಿತು.

ಎಚ್‌ಐವಿಯ ಇತಿಹಾಸ ಇನ್ನೊಂದು ತೊಡಕನ್ನು ತೋರಿಸುತ್ತದೆ. ಆಸ್ಪತ್ರೆಯೊಂದು ರೋಗಿಯ ಎಚ್‌ಐವಿ ಸ್ಥಿತಿಯನ್ನು ಬಹಿರಂಗಪಡಿಸಿ, ನಿಶ್ಚಯವಾಗಿದ್ದ ಮದುವೆ ಮುರಿದುಬಿದ್ದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1998ರಲ್ಲಿ 269, 270ನೇ ಸೆಕ್ಷನ್‌ಗಳನ್ನು ಉಲ್ಲೇಖಿಸಿ, ಅಂಥವರು ಮದುವೆಯಾಗುವುದೇ ಅಪರಾಧವೆನ್ನುವ ಮಟ್ಟಕ್ಕೆ ಹೋಗಿತ್ತು. 2002ರಲ್ಲಿ ಮದುವೆಯ ಹಕ್ಕಿನ ಕುರಿತ ಆ ಮಾತುಗಳು ಅನಗತ್ಯವಾಗಿದ್ದವೆಂದು ತಾನೇ ಹಿಂದೆ ಸರಿಯಿತು. 2020ರ ನವೆಂಬರ್‌ನಲ್ಲಿ ದೆಹಲಿ ಹೈಕೋರ್ಟ್, ಎಚ್‌ಐವಿ ಇದ್ದ ಅತ್ಯಾಚಾರಿಯೊಬ್ಬನ ಅತ್ಯಾಚಾರದ ಶಿಕ್ಷೆಯನ್ನು ಎತ್ತಿಹಿಡಿದರೂ, ಸೋಂಕಿದ್ದ ಮಾತ್ರಕ್ಕೆ ಅದು ಕೊಲೆಯತ್ನವೂ ಆಗುತ್ತದೆಂಬ ಕೆಳಗಿನ ನ್ಯಾಯಾಲಯದ ತೀರ್ಮಾನವನ್ನು ಒಪ್ಪಲಿಲ್ಲ. ಅವನ ಮೇಲೆ ಯಾರಿಗೂ ಕರುಣೆ ಇರಬೇಕಾಗಿಲ್ಲ. ಆದರೂ ಊಹೆಯನ್ನು ಸಾಕ್ಷ್ಯವೆನ್ನಲು ನ್ಯಾಯಾಲಯ ನಿರಾಕರಿಸಿತು. 2004ರಿಂದ ಸರ್ಕಾರಿ ಕೇಂದ್ರಗಳಲ್ಲಿ ಉಚಿತವಾಗಿ ಸಿಗುತ್ತಿರುವ, ಎಚ್‌ಐವಿಯನ್ನು ಹತ್ತಿಕ್ಕುವ ಎಆರ್‌ಟಿ ಔಷಧಿಯನ್ನು ತಪ್ಪದೆ ಸೇವಿಸಿ, ರಕ್ತದಲ್ಲಿ ವೈರಾಣು ಪತ್ತೆಯಾಗದ ಮಟ್ಟಕ್ಕೆ ಇಳಿದವರಿಂದ ಲೈಂಗಿಕವಾಗಿ ಸೋಂಕು ದಾಟುವುದೇ ಇಲ್ಲ. ಒಂದು ಕಾಲದಲ್ಲಿ ಮರಣಶಾಸನವೆನಿಸಿದ್ದ ಕಾಯಿಲೆ ಇಂದು ಔಷಧಿ ತಿನ್ನುತ್ತ ಮೊಮ್ಮಕ್ಕಳನ್ನು ಕಾಣಬಹುದಾದ ಕಾಯಿಲೆಯಾಗಿದೆ.

ಅರಿವು ಅಪರಾಧದ ಅಂಶವಾದಾಗ ಪರೀಕ್ಷೆ ಮಾಡಿಸಿಕೊಂಡವನೇ ಸಿಕ್ಕಿಬೀಳುತ್ತಾನೆ. ಮಾಡಿಸಿಕೊಳ್ಳದವನು ತನಗೆ ಗೊತ್ತಿರಲಿಲ್ಲ ಎಂದು ಪಾರಾಗುತ್ತಾನೆ. ಕೊಲೆ ಕೇಸಿನ ಹೆದರಿಕೆ ಹಬ್ಬಿದರೆ ಜ್ವರದ ರೋಗಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬರುವ ಬದಲು ಮೆಡಿಕಲ್ ಅಂಗಡಿಯ ಮಾತ್ರೆ ನುಂಗಿ ಮಲಗುತ್ತಾನೆ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ ಇದನ್ನು ಅರಿತೇ ಸೋಂಕಿತರ ಮೇಲೆ ಸಕಾರಣ ಮುನ್ನೆಚ್ಚರಿಕೆಯ ಕರ್ತವ್ಯ ಹೊರಿಸಿದೆ; ಸ್ಥಿತಿಯನ್ನು ಹೇಳಿದರೆ ಹಿಂಸೆಗೋ ಮನೆಯಿಂದ ಹೊರದಬ್ಬುವಿಕೆಗೋ ಗುರಿಯಾಗುವ ಭಯವಿರುವ ಮಹಿಳೆಗೆ ರಿಯಾಯಿತಿಯನ್ನೂ ಕೊಟ್ಟಿದೆ. ಮನುಷ್ಯರ ಸ್ವಭಾವ ಬಲ್ಲವರು ಬರೆದ ಕಾಯ್ದೆ ಅದು.

ಹಾಗಾದರೆ ಯಾರನ್ನು ಹಿಡಿಯಬೇಕು? ಮಂಗಳೂರಿನಲ್ಲಿ ಈ ಪ್ರಶ್ನೆಗೆ ಉತ್ತರ ಹುಡುಕಲು ದೂರ ಹೋಗಬೇಕಾಗಿಲ್ಲ. ಮಲೇರಿಯಾ ದಶಕಗಳಿಂದ ಈ ಊರನ್ನು ಕಾಡಿದೆ. 2019ರ ಮಳೆಗಾಲದ ಡೆಂಗಿಯನ್ನು ಯಾರೂ ಮರೆತಿಲ್ಲ. ಎರಡರ ಸೊಳ್ಳೆಗಳೂ ಹುಟ್ಟುವುದು ನಿಂತ ನೀರಿನಲ್ಲಿ, ಕಟ್ಟಡ ಕಾಮಗಾರಿಯ ಸಂಪು, ಕ್ಯೂರಿಂಗ್‌ಗೆಂದು ನಿಲ್ಲಿಸಿದ ನೀರು, ಅರ್ಧಕ್ಕೆ ಬಿಟ್ಟ ತಳಮಹಡಿ, ಖಾಲಿ ಡ್ರಮ್ಮುಗಳಲ್ಲಿ. ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ನಮ್ಮ ಸೆಕೆಗೆ ವಾರ ಹತ್ತು ದಿನ ಸಾಕು. ಆ ನೀರನ್ನು ವಾರಕ್ಕೊಮ್ಮೆ ಚೆಲ್ಲಿಸಲು ಬೇಕಾಗುವುದು ಒಬ್ಬ ಆಳಿನ ಅರ್ಧ ದಿನ. ಡೆಂಗಿಯನ್ನು 2024ರಲ್ಲಿ ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿದ ರಾಜ್ಯ ಸರ್ಕಾರ ಸೊಳ್ಳೆ ತಾಣ ಬಿಟ್ಟವರಿಗೆ ನಗರದ ಮನೆಗೆ 400 ರೂಪಾಯಿ, ಕಾಮಗಾರಿ ಸ್ಥಳಕ್ಕೆ 2,000 ರೂಪಾಯಿ ದಂಡ ಗೊತ್ತುಮಾಡಿತು. ಹಲವು ಕೋಟಿಯ ವಸತಿ ಸಮುಚ್ಚಯ ಕಟ್ಟುವವನಿಗೆ 2,000 ರೂಪಾಯಿ ಎಂದರೆ ಸಿಮೆಂಟಿನ ಕೆಲವು ಚೀಲಗಳ ಬೆಲೆ.

ಪಕ್ಕದ ಬೀದಿಯಲ್ಲಿ ಡೆಂಗಿಯಿಂದ ಸತ್ತ ಮಗುವನ್ನು ಕಚ್ಚಿದ ಸೊಳ್ಳೆ ಆ ಸಂಪಿನಲ್ಲೇ ಹುಟ್ಟಿತೆಂದು ಯಾವ ವಕೀಲನೂ ಸಾಬೀತು ಮಾಡಲಾರ. ಆದ್ದರಿಂದ ನಿರ್ಲಕ್ಷ್ಯದ ಸಾವಿನ 106ನೇ ಸೆಕ್ಷನ್ ಇಲ್ಲಿ ನಿಲ್ಲುವುದಿಲ್ಲ, ನಿಲ್ಲಲೂಬಾರದು. 271 ನಿಲ್ಲುತ್ತದೆ. ಕೃತ್ಯ ಎಂಬುದರಲ್ಲಿ ಕಾನೂನುಬಾಹಿರ ಲೋಪವೂ ಸೇರುತ್ತದೆಂದು ಸಂಹಿತೆಯೇ ಹೇಳುತ್ತದೆ. ನೀರು ನಿಲ್ಲಿಸಬೇಡಿ ಎಂಬುದು ಅಧಿಸೂಚಿತ ನಿಯಮವಾಗಿರುವಾಗ ನಿಲ್ಲಿಸಿಕೊಂಡು ಕೂತದ್ದು ಅಂಥ ಲೋಪ. ಇದನ್ನು ಒಪ್ಪದ ವಕೀಲ ಮಿತ್ರರೂ ಇದ್ದಾರೆ. ಮನುಷ್ಯನಿಂದ ಮನುಷ್ಯನಿಗೆ ನೇರವಾಗಿ ದಾಟುವ ಸೋಂಕಿಗೆ ಮಾತ್ರ ಈ ಸೆಕ್ಷನ್ ಎಂಬುದು ಅವರ ವಾದ. ಆದರೆ ಸೆಕ್ಷನ್ನಿನ ಭಾಷೆಯಲ್ಲಿ ಅಂಥ ಮಿತಿ ಕಾಣುವುದಿಲ್ಲ. ಬಳಸಿದ ಸಿರಿಂಜನ್ನೇ ಮತ್ತೆ ಮತ್ತೆ ಚುಚ್ಚಿ ಹತ್ತಾರು ಮಂದಿಗೆ ಎಚ್‌ಐವಿ ಅಂಟಿಸಿದನೆಂದು 2018ರಲ್ಲಿ ಉತ್ತರ ಪ್ರದೇಶದ ಉನ್ನಾವೊದಲ್ಲಿ ಬಂಧಿತನಾದ ನಕಲಿ ವೈದ್ಯನದೂ, ಶೋಧಿಸದ ನೀರನ್ನು ಕೊಳವೆಗೆ ಬಿಡುವ ಸಂಸ್ಥೆಯದೂ ಇದೇ ವರ್ಗದ ಹೊಣೆಗಾರಿಕೆ: ರೋಗಿಯ ಹೊಣೆಗಾರಿಕೆಯಲ್ಲ, ರೋಗದ ಮೂಲವನ್ನು ಕೈಯಲ್ಲಿಟ್ಟುಕೊಂಡವರ ಹೊಣೆಗಾರಿಕೆ.

ಇನ್ನು ಶಿಕ್ಷೆಯ ಪ್ರಮಾಣ. ನಿರ್ಲಕ್ಷ್ಯದಿಂದ ಸಾವು ತಂದವನಿಗೆ ಹಳೆಯ ಸಂಹಿತೆಯಲ್ಲಿ ಎರಡು ವರ್ಷವಿದ್ದದ್ದು ಹೊಸದರಲ್ಲಿ ಐದು ವರ್ಷಕ್ಕೆ ಏರಿತು, ನೋಂದಾಯಿತ ವೈದ್ಯರಿಗೆ ಮಾತ್ರ ಎರಡೇ ವರ್ಷ ಉಳಿಯಿತು. ಸೋಂಕು ಹರಡುವ ನಿರ್ಲಕ್ಷ್ಯಕ್ಕೆ 1860ರ ಆರು ತಿಂಗಳೇ 2024ರಲ್ಲೂ ಉಳಿಯಿತು. ಒಬ್ಬನನ್ನು ಕೊಂದ ನಿರ್ಲಕ್ಷ್ಯಕ್ಕೂ ಒಂದು ವಾರ್ಡನ್ನೇ ಅಪಾಯಕ್ಕೊಡ್ಡಿದ ನಿರ್ಲಕ್ಷ್ಯಕ್ಕೂ ನಡುವಿನ ಅಂತರ ಹೀಗೆ ಯಾರೂ ಚರ್ಚಿಸದೆಯೇ ಹಿಗ್ಗಿಬಿಟ್ಟಿತು. ಲಾಭಕ್ಕಾಗಿ ನಡೆಸುವ ಕಾಮಗಾರಿ, ಉದ್ದಿಮೆ, ಚಿಕಿತ್ಸಾಲಯಗಳ ಲೋಪಕ್ಕೆ ಇದೇ ಸೆಕ್ಷನ್ನಿನಡಿ ಹೆಚ್ಚಿನ ಶಿಕ್ಷೆ ಗೊತ್ತುಪಡಿಸುವ ತಿದ್ದುಪಡಿಗೆ ನಮ್ಮ ಸಂಸದರು ಒತ್ತಾಯಿಸಬಹುದು. ಸತ್ತವರ ಕುಟುಂಬಕ್ಕೆ ಬೇಕಾದ ಪರಿಹಾರಕ್ಕೆ ಸಿವಿಲ್ ದಾರಿಯೂ ಇದೆ: 2002ರಲ್ಲಿ ಸೇನಾ ಆಸ್ಪತ್ರೆಯೊಂದರಲ್ಲಿ ರಕ್ತ ಕೊಡಿಸಿಕೊಂಡು ಎಚ್‌ಐವಿಗೆ ತುತ್ತಾದ ವಾಯುಪಡೆಯ ಯೋಧರೊಬ್ಬರಿಗೆ ಸುಪ್ರೀಂ ಕೋರ್ಟ್ 2023ರಲ್ಲಿ ಒಂದೂವರೆ ಕೋಟಿ ರೂಪಾಯಿಗೂ ಮಿಕ್ಕಿದ ಪರಿಹಾರ ಕೊಡಿಸಿತು, ಯಾರನ್ನೂ ಕೊಲೆಗಾರರೆಂದು ಕರೆಯದೆಯೇ.

ತಿದ್ದುಪಡಿಗೆ ಕಾಯದೆ ಮಂಗಳೂರು ಮಹಾನಗರ ಪಾಲಿಕೆ ಮತ್ತು ಉಡುಪಿ ನಗರಸಭೆ ಈ ಮಳೆಗಾಲಕ್ಕೆ ಮೊದಲೇ ಮಾಡಬಹುದಾದ ಕೆಲಸವೊಂದಿದೆ. ಕಾಮಗಾರಿ ಸ್ಥಳದಲ್ಲಿ ಲಾರ್ವಾ ಸಿಕ್ಕಾಗ ದಂಡದ ರಶೀದಿ ಹರಿದು ಕೊಟ್ಟು ಬರುವ ಬದಲು, ಇಲ್ಲಿ ನಿಂತ ನೀರಿನಿಂದ ಡೆಂಗಿ ಅಥವಾ ಮಲೇರಿಯಾ ಹರಡುವ ಸಂಭವವಿದೆ ಎಂಬ ಸ್ಪಷ್ಟ ವಾಕ್ಯವಿರುವ ನೋಟಿಸನ್ನು ದಿನಾಂಕ, ಛಾಯಾಚಿತ್ರಗಳೊಂದಿಗೆ ಮಾಲೀಕನಿಗೂ ಗುತ್ತಿಗೆದಾರನಿಗೂ ಜಾರಿಮಾಡಿ ಸಹಿ ಪಡೆಯಬೇಕು. ಎರಡನೆಯ ಭೇಟಿಯಲ್ಲೂ ಅದೇ ನೀರು ಅಲ್ಲೇ ನಿಂತಿದ್ದರೆ ಕಡತವನ್ನು ನೇರವಾಗಿ ಪೊಲೀಸ್ ಠಾಣೆಗೆ ಕಳಿಸಬೇಕು. 271ನೇ ಸೆಕ್ಷನ್ ಕೇಳುವ ಅರಿವನ್ನು ಆ ಸಹಿಯೇ ಸಾಬೀತು ಮಾಡುತ್ತದೆ. ಒಬ್ಬ ರೋಗಿಯನ್ನೂ ಸಾಕ್ಷಿಕಟ್ಟೆಗೆ ಎಳೆದು ತರಬೇಕಾಗಿಲ್ಲ.

ತಮ್ಮ ವಿಶ್ವಾಸಿ,
ಒಬ್ಬ ವಕೀಲ
ಬಿಜೈ, ಮಂಗಳೂರು